ವ್ಯಕ್ತಿಯೋ ಸಮುದಾಯವೋ: ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇಸ್ಲಾಂ ಮತ್ತು ರಾಷ್ಟ್ರರಕ್ಷಣೆಯ ಚರ್ಚೆ

೧

ಶಾಸನಸಭೆಗಳನ್ನು ಅಭ್ಯಾಸಮಾಡುವಾಗ ನಾವು ಸಾಮಾನ್ಯವಾಗಿ ಅವು ಅಂಗೀಕರಿಸಿದ ಶಾಸನಗಳನ್ನೂ ಅಲ್ಲಿ ಬಿದ್ದ ಮತಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಸದಸ್ಯರು ಆಡಿದ ಮಾತನ್ನು ಗೌಣವೆಂದು ಬದಿಗಿಡುತ್ತೇವೆ. ಈ ಪದ್ಧತಿ ಪೂರ್ಣವಾಗಿ ಸರಿಯಾದುದಲ್ಲ. ಶಾಸಕನ ಮಾತು ಸಭೆಯ ನಡವಳಿಕೆಯಲ್ಲಿ ಅಚ್ಚಾಗಿ ಉಳಿಯುತ್ತದೆ. ಸಮಿತಿಗಳು ಯಾವ ವಿಷಯವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕು, ಅಧಿಕಾರಿಗಳು ಯಾರ ಮೇಲೆ ಕಣ್ಣಿಡಬೇಕು ಎಂಬುದನ್ನು ಬಹುಮಟ್ಟಿಗೆ ಅದೇ ಗೊತ್ತುಮಾಡುತ್ತದೆ. ಇದಕ್ಕಿಂತ ಮುಖ್ಯವಾದುದೆಂದರೆ, ಸಂಖ್ಯೆಯಲ್ಲಿ ಅಲ್ಪವಾದ ಒಂದು ಸಮುದಾಯದವರು ತಮ್ಮನ್ನು ರಾಷ್ಟ್ರವು ಒಳಗಿನವರೆಂದು ಎಣಿಸಿದೆಯೋ ಹೊರಗಿನವರೆಂದು ಎಣಿಸಿದೆಯೋ ಎಂಬುದನ್ನು ಆ ಮಾತಿನಿಂದಲೇ ತಿಳಿದುಕೊಳ್ಳುತ್ತಾರೆ.

ಪ್ರಕೃತ ಲೇಖನದಲ್ಲಿ ನಾವು ಇದಕ್ಕೆ ಒಂದು ನಿದರ್ಶನವನ್ನು ಪರಿಶೀಲಿಸುತ್ತೇವೆ. ೨೦೦೧ನೆಯ ಇಸವಿ ಸೆಪ್ಟೆಂಬರ್ ೧೧ರಂದು ಅಲ್ ಖಾಯ್ದಾ ಪಂಗಡದ ೧೯ ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಗರಗಳ ಮೇಲೆ ನಡೆಸಿದ ಆಕ್ರಮಣದಲ್ಲಿ ಸುಮಾರು ೩೦೦೦ ಜನ ಮಡಿದರು. ಅದರ ತರುವಾಯ ಅಮೆರಿಕದ ಕಾಂಗ್ರೆಸ್ಸಿನ ಉಭಯ ಸಭೆಗಳಲ್ಲಿ ಇಸ್ಲಾಂ ಮತವನ್ನೂ ತಮ್ಮ ದೇಶದ ಮುಸ್ಲಿಮರನ್ನೂ ಕುರಿತು ಸದಸ್ಯರು ಯಾವ ರೀತಿಯಲ್ಲಿ ಮಾತನಾಡಿದರು ಎಂಬುದೇ ನಮ್ಮ ವಿಷಯ. ಈ ಮಾತುಗಳನ್ನು 'ಪರ' 'ವಿರೋಧ' ಎಂದು ಎರಡು ರಾಶಿಯಾಗಿ ವಿಂಗಡಿಸುವುದರಿಂದ ಹೆಚ್ಚೇನೂ ತಿಳಿಯದು. ಏಕೆಂದರೆ ಇಸ್ಲಾಂ ಮತವನ್ನು ಸಭೆಯಲ್ಲಿ ನೇರವಾಗಿ ಹಳಿದವರು ಕೆಲವರೇ. ಹೆಚ್ಚು ತಿಳಿಸಿಕೊಡತಕ್ಕ ಪ್ರಶ್ನೆ ವ್ಯಾಕರಣದ್ದು: ವಾಕ್ಯದ ಕರ್ತೃಪದ ಯಾವುದು? ಕೃತ್ಯವನ್ನು ಮಾಡಿದ ವ್ಯಕ್ತಿಯೋ, ಅವನು ಸೇರಿದ ಸಮುದಾಯವೋ? 'ಮಾಡಿದ್ದುಣ್ಣೋ ಮಹಾರಾಯ' ಎಂಬ ನಮ್ಮ ಗಾದೆ ಹೊಣೆಯನ್ನು ಮಾಡಿದವನಿಗೇ ಕಟ್ಟುತ್ತದೆ. ಭಯದ ಕಾಲದಲ್ಲಿ ಈ ಸಾಮಾನ್ಯ ನೀತಿ ಶಾಸಕರ ನಾಲಗೆಯ ಮೇಲೆ ಹೇಗೆ ಉಳಿಯಿತು, ಹೇಗೆ ಸಡಿಲವಾಯಿತು ಎಂಬುದನ್ನು ನೋಡೋಣ.

೨

ಆಕ್ರಮಣವಾದ ಮೂರನೆಯ ದಿನ, ಅಂದರೆ ಸೆಪ್ಟೆಂಬರ್ ೧೪ರಂದು, ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯವನ್ನು ಸೆನೆಟ್ ೯೮–೦ ಮತಗಳಿಂದಲೂ ಪ್ರತಿನಿಧಿ ಸಭೆ ೪೨೦–೧ ಮತಗಳಿಂದಲೂ ಅಂಗೀಕರಿಸಿದವು. ವಿರುದ್ಧವಾಗಿ ಮತವಿತ್ತ ಒಬ್ಬರೇ ಸದಸ್ಯೆ ಕ್ಯಾಲಿಫೋರ್ನಿಯದ ಬಾರ್ಬರಾ ಲೀ. ಸೆಪ್ಟೆಂಬರ್ ೨೦ರಂದು ಉಭಯ ಸಭೆಗಳ ಮುಂದೆ ಮಾತನಾಡಿದ ಅಧ್ಯಕ್ಷ ಜಾರ್ಜ್ ಬುಷ್ ಅವರು ತಮ್ಮ ವೈರ ಭಯೋತ್ಪಾದಕರೊಡನೆಯೇ ಹೊರತು ಮುಸ್ಲಿಮರೊಡನೆ ಅಲ್ಲವೆಂದು ಸ್ಪಷ್ಟಪಡಿಸಿದರು.

ಅಕ್ಟೋಬರ್ ೨೬ರಂದು ಜಾರಿಗೆ ಬಂದ 'ಪೇಟ್ರಿಯಟ್' ಅಧಿನಿಯಮದ ೧೦೨ನೆಯ ಪ್ರಕರಣವನ್ನು ಈ ದೃಷ್ಟಿಯಿಂದ ಓದಬೇಕು. ಅರಬ್ ಹಾಗೂ ಮುಸ್ಲಿಮ್ ಅಮೆರಿಕನರ ವಿರುದ್ಧ ತೋರುವ ಭೇದಭಾವವನ್ನು ಖಂಡಿಸುವ ಕಾಂಗ್ರೆಸ್ಸಿನ ಅಭಿಪ್ರಾಯ ಎಂಬುದು ಅದರ ಶಿರೋನಾಮೆಯ ತಾತ್ಪರ್ಯ. ತಪ್ಪಿಗೆ ಹೊಣೆ ವೈಯಕ್ತಿಕವಾದುದು, ಈ ತತ್ತ್ವವು ಎಲ್ಲ ಮತ, ಜನಾಂಗಗಳಿಗೂ ಸಮಾನವಾಗಿ ಅನ್ವಯಿಸುತ್ತದೆ ಎಂದು ಅದು ಸಾರುತ್ತದೆ. ಕಿರುಕುಳಕ್ಕೆ ಹೆದರಿ ಅನೇಕ ಮುಸ್ಲಿಮ್ ಸ್ತ್ರೀಯರು ತಮ್ಮ ಉಡುಪಿನ ರೀತಿಯನ್ನೇ ಬದಲಾಯಿಸಿಕೊಳ್ಳುತ್ತಿರುವುದನ್ನು ದಾಖಲಿಸುತ್ತದೆ. ಅಷ್ಟೇ ಅಲ್ಲ, ಒಬ್ಬ ಯುವಕನನ್ನು ಹೆಸರಿಸುತ್ತದೆ: ಮೊಹಮ್ಮದ್ ಸಲ್ಮಾನ್ ಹಮ್ದಾನಿ, ವಯಸ್ಸು ೨೩, ಪಾಕಿಸ್ತಾನಿ ಮೂಲದ ನ್ಯೂಯಾರ್ಕ್ ನಿವಾಸಿ, ರಕ್ಷಣಾಕಾರ್ಯದಲ್ಲಿ ನೆರವಾಗಲು ವಿಶ್ವ ವಾಣಿಜ್ಯ ಕೇಂದ್ರಕ್ಕೆ ಹೋದನೆಂದು ನಂಬಲಾಗಿದೆ, ಈಗ ಕಾಣೆಯಾಗಿದ್ದಾನೆ. ರಾಷ್ಟ್ರರಕ್ಷಣೆಯ ಶಾಸನವೊಂದು ಸಾಧಾರಣ ಪ್ರಜೆಯೊಬ್ಬನ ಹೆಸರನ್ನು ಹೀಗೆ ಹೊತ್ತಿರುವುದು ಅಪೂರ್ವ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಅದೇ ಅಧಿನಿಯಮದ ೧೦೦೨ನೆಯ ಪ್ರಕರಣ ಸಿಖ್ಖರನ್ನು ಕುರಿತದ್ದು. ಸೆಪ್ಟೆಂಬರ್ ೧೫ರಂದು ಅರಿಜೋನದ ಮೇಸಾ ಪಟ್ಟಣದಲ್ಲಿ ಭಾರತದಿಂದ ವಲಸೆಹೋಗಿದ್ದ ಒಬ್ಬ ಸಿಖ್ ವ್ಯಾಪಾರಿಯನ್ನು, ತಲೆಯ ಮುಂಡಾಸನ್ನೂ ಗಡ್ಡವನ್ನೂ ಕಂಡು, ಹಂತಕನೊಬ್ಬ ಗುಂಡಿಟ್ಟು ಕೊಂದಿದ್ದನು. ಹೊಣೆಯನ್ನು ವ್ಯಕ್ತಿಯಿಂದ ಸಮುದಾಯಕ್ಕೆ ದಾಟಿಸುವವನು ಆ ಸಮುದಾಯದ ಎಲ್ಲೆಯನ್ನಾದರೂ ಸರಿಯಾಗಿ ಗುರುತಿಸುತ್ತಾನೆಂಬ ಭರವಸೆಯಿಲ್ಲ ಎಂಬುದಕ್ಕೆ ಈ ಹತ್ಯೆ ಸಾಕ್ಷಿ.

ಆದರೆ ಇಲ್ಲಿ ಒಂದು ಮಿತಿಯನ್ನು ಹೇಳಲೇಬೇಕು. ಈ ಎರಡು ಪ್ರಕರಣಗಳೂ ಅಭಿಪ್ರಾಯದ ಘೋಷಣೆಗಳು; ಅವುಗಳಿಗೆ ಆಜ್ಞೆಯ ಬಲವಿಲ್ಲ. ಬಲವಿರುವುದು ಉಳಿದ ಪ್ರಕರಣಗಳಿಗೆ. ಉದಾಹರಣೆಗೆ, ೨೧೫ನೆಯ ಪ್ರಕರಣ ವ್ಯವಹಾರದ ದಾಖಲೆಗಳನ್ನು ಗುಪ್ತ ನ್ಯಾಯಾಲಯದ ಆದೇಶದಿಂದ ತರಿಸಿಕೊಳ್ಳುವ ಅಧಿಕಾರವನ್ನು ವಿಸ್ತರಿಸಿತು. ೪೧೨ನೆಯ ಪ್ರಕರಣ ಶಂಕಿತರಾದ ಪರದೇಶೀಯರನ್ನು ದೋಷಾರೋಪಣೆಯಿಲ್ಲದೆ ೭ ದಿನಗಳವರೆಗೆ ಬಂಧನದಲ್ಲಿಡಲು ಅವಕಾಶ ಕೊಟ್ಟಿತು. ಪ್ರತಿನಿಧಿ ಸಭೆಯಲ್ಲಿ ಇದಕ್ಕೆ ಬಿದ್ದ ಮತ ೩೫೭–೬೬, ಸೆನೆಟ್ಟಿನಲ್ಲಿ ೯೮–೧. ಒಂದೇ ಶಾಸನದಲ್ಲಿ ಸದ್ಭಾವದ ಮಾತು ಒಂದೆಡೆ, ಅಧಿಕಾರದ ಮಾತು ಇನ್ನೊಂದೆಡೆ ಕುಳಿತಿದ್ದವು. ಮುಂದಿನ ಹತ್ತು ವರ್ಷಗಳಲ್ಲಿ ಯಾವುದು ಯಾವುದನ್ನು ಆಳುವುದೆಂಬ ಪ್ರಶ್ನೆ ಹೀಗೆ ಹುಟ್ಟಿತು.

೩

೨೦೦೬ರ ಚುನಾವಣೆಯಲ್ಲಿ ಮಿನೆಸೋಟದಿಂದ ಆಯ್ಕೆಯಾದ ಕೀತ್ ಎಲಿಸನ್ ಅವರು ಕಾಂಗ್ರೆಸ್ಸಿನ ಮೊದಲನೆಯ ಮುಸ್ಲಿಮ್ ಸದಸ್ಯರು. ಸಾಂಕೇತಿಕ ಪ್ರಮಾಣವಚನವನ್ನು ಖುರಾನಿನ ಮೇಲೆ ಕೈಯಿಟ್ಟು ಸ್ವೀಕರಿಸುವುದಾಗಿ ಅವರು ಹೇಳಿದಾಗ ವರ್ಜೀನಿಯದ ಪ್ರತಿನಿಧಿ ವರ್ಜಿಲ್ ಗೂಡ್ ಅವರು ತಮ್ಮ ಮತದಾರರಿಗೆ ಪತ್ರ ಬರೆದು, ವಲಸೆಯನ್ನು ಬಿಗಿಮಾಡದಿದ್ದರೆ ಇಂಥವರು ಇನ್ನೂ ಹೆಚ್ಚಾಗಿ ಆಯ್ಕೆಯಾಗುವರೆಂದು ಎಚ್ಚರಿಸಿದರು. ಎಲಿಸನ್ ವಲಸೆಬಂದವರಲ್ಲ, ಅಮೆರಿಕದಲ್ಲೇ ಹುಟ್ಟಿದವರು. ೨೦೦೭ರ ಜನವರಿ ೪ರಂದು ಅವರು ಕೈಯಿಟ್ಟ ಪ್ರತಿ, ರಾಷ್ಟ್ರದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸ್ವಂತ ಪುಸ್ತಕಭಂಡಾರದ್ದಾಗಿತ್ತು. ಯಾವ ಪದವಿಗೂ ಮತದ ಪರೀಕ್ಷೆಯಿರಕೂಡದೆಂದು ಸಂವಿಧಾನದ ೬ನೆಯ ಅನುಚ್ಛೇದ ವಿಧಿಸಿದ್ದರೂ, ಮಾತಿನಲ್ಲಿ ಆ ಪರೀಕ್ಷೆ ಮತ್ತೆ ತಲೆಯೆತ್ತಿತ್ತು.

ಇದೇ ಅವಧಿಯಲ್ಲಿ ಹೆಸರಿನ ವಿವಾದವೂ ಬೆಳೆಯಿತು. ಶತ್ರುವನ್ನು ಏನೆಂದು ಕರೆಯಬೇಕು? ಸೆನೆಟರ್ ಜೋಸೆಫ್ ಲೀಬರ್ಮನ್ ಅಧ್ಯಕ್ಷತೆಯ ಸಮಿತಿ ೨೦೦೮ರ ಮೇ ತಿಂಗಳಲ್ಲಿ ಹೊರಡಿಸಿದ ವರದಿಯಲ್ಲಿ 'ಹಿಂಸಾತ್ಮಕ ಇಸ್ಲಾಂವಾದಿ ಉಗ್ರತೆ' ಎಂಬ ಪದಸಮುಚ್ಚಯವನ್ನು ಬಳಸಿತು. ಇಸ್ಲಾಂ ಎಂಬುದು ಮತ, ಇಸ್ಲಾಂವಾದ ಎಂಬುದು ರಾಜಕೀಯ ಸಿದ್ಧಾಂತ, ಸಿದ್ಧಾಂತವನ್ನು ಹೆಸರಿಸದೆ ಅದನ್ನು ಎದುರಿಸಲಾಗದು ಎಂಬುದು ಈ ಪಕ್ಷದವರ ವಾದ. ಹಾಗೆ ಕರೆದರೆ ಕೊಲೆಗಡುಕರಿಗೆ ಅವರು ಬಯಸುವ ಧಾರ್ಮಿಕ ಗೌರವವನ್ನೇ ಕೊಟ್ಟಂತಾಗುತ್ತದೆ, ನಿರಪರಾಧಿಗಳು ದೂರವಾಗುತ್ತಾರೆ ಎಂಬುದು ಅಧ್ಯಕ್ಷ ಒಬಾಮ ಅವರ ಆಡಳಿತದ ವಾದ. ೨೦೧೦ರ ಮೇ ೧೩ರಂದು ಪ್ರತಿನಿಧಿ ಸಭೆಯ ನ್ಯಾಯ ಸಮಿತಿಯಲ್ಲಿ ಸದಸ್ಯ ಲಾಮರ್ ಸ್ಮಿತ್ ಅವರು, ಈಚಿನ ಕೃತ್ಯಗಳಿಗೆ 'ಉಗ್ರ ಇಸ್ಲಾಂ' ಒಂದು ಕಾರಣವಾಗಿರಬಹುದೇ ಎಂದು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅವರನ್ನು ಮತ್ತೆ ಮತ್ತೆ ಕೇಳಿದರು. ಕಾರಣಗಳು ಹಲವಿರುತ್ತವೆ ಎಂದು ಹೋಲ್ಡರ್ ಜಾರಿಕೊಳ್ಳುತ್ತ ಹೋದರು.

ಎರಡು ವಾದಗಳಲ್ಲಿಯೂ ಹುರುಳುಂಟು. ಸಿದ್ಧಾಂತದ ಪ್ರೇರಣೆ ಇದ್ದಲ್ಲಿ ಅದನ್ನು ಹೇಳದಿರುವುದು ಸತ್ಯಕ್ಕೆ ಅಪಚಾರ. ಆದರೆ 'ವಾದಿ' ಎಂಬ ಸಣ್ಣ ಪ್ರತ್ಯಯದ ಮೇಲೆ ನಿಂತ ಈ ಭೇದವನ್ನು ವಿದ್ವಾಂಸನು ಪಾಲಿಸಬಹುದೇ ಹೊರತು, ಅವಸರದಲ್ಲಿ ಕೇಳಿಸಿಕೊಂಡ ಜನಸಾಮಾನ್ಯನು ಪಾಲಿಸುತ್ತಾನೆಂದು ನಂಬುವುದು ಕಷ್ಟ. ವಿಶೇಷಣವು ತಾನು ಹತ್ತಿದ ನಾಮಪದವನ್ನು ಬಿಟ್ಟು ನೆರೆಮನೆಗೂ ಹೋಗುತ್ತದೆ. ಹೀಗಾಗಿ ಹೆಸರಿಗಿಂತಲೂ ಹೆಸರಿನ ಸುತ್ತ ಕಟ್ಟಿದ ವಾಕ್ಯವನ್ನು ಪರೀಕ್ಷಿಸುವುದು ಅವಶ್ಯಕ.

೪

ಇಂಥ ಪರೀಕ್ಷೆಗೆ ತಕ್ಕ ಸಂದರ್ಭ ೨೦೧೧ರ ಮಾರ್ಚ್ ೧೦ರಂದು ಒದಗಿತು. ಅಂದು ಪ್ರತಿನಿಧಿ ಸಭೆಯ ಸ್ವದೇಶರಕ್ಷಣಾ ಸಮಿತಿ ತನ್ನ ಅಧ್ಯಕ್ಷರಾದ ನ್ಯೂಯಾರ್ಕಿನ ಪೀಟರ್ ಕಿಂಗ್ ಅವರ ನೇತೃತ್ವದಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಹಿನ್ನೆಲೆಯಲ್ಲಿ ನೈಜವಾದ ಘಟನೆಗಳಿದ್ದವು. ೨೦೦೯ರ ನವೆಂಬರ್ ೫ರಂದು ಫೋರ್ಟ್ ಹುಡ್ ಸೇನಾನೆಲೆಯಲ್ಲಿ ಸೈನ್ಯದ ವೈದ್ಯಾಧಿಕಾರಿಯೊಬ್ಬನೇ ೧೩ ಜನರನ್ನು ಕೊಂದಿದ್ದನು. ೨೦೧೦ರ ಮೇ ೧ರಂದು ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಬಾಂಬು ತುಂಬಿದ ವಾಹನ ಸಿಡಿಯದೆ ಉಳಿದಿತ್ತು. ದೇಶದೊಳಗೇ ಬೆಳೆದ ಯುವಕರು ಇಂಥ ದಾರಿ ಹಿಡಿಯುವುದೇಕೆಂದು ಶಾಸನಸಭೆ ವಿಚಾರಿಸುವುದು ಅದರ ಅಧಿಕಾರಕ್ಕೆ ಒಳಪಟ್ಟದ್ದೇ, ಅದರಲ್ಲಿ ತಪ್ಪೆಣಿಸುವಂತಿಲ್ಲ.

ಆಕ್ಷೇಪ ಹುಟ್ಟಿದ್ದು ವಿಷಯದ ನಿರೂಪಣೆಯಲ್ಲಿ. ವಿಚಾರಣೆಯ ಶಿರೋನಾಮೆಯ ಅರ್ಥ ಹೀಗಿತ್ತು: ಅಮೆರಿಕದ ಮುಸ್ಲಿಮ್ ಸಮುದಾಯದಲ್ಲಿ ಉಗ್ರವಾದದ ವ್ಯಾಪ್ತಿ, ಮತ್ತು ಅದಕ್ಕೆ ಆ ಸಮುದಾಯದ ಪ್ರತಿಕ್ರಿಯೆ. ಇಲ್ಲಿ ಕರ್ತೃಸ್ಥಾನದಲ್ಲಿ ಯಾವ ಅಪರಾಧಿಯೂ ಇಲ್ಲ, ಯಾವ ಸಂಘವೂ ಇಲ್ಲ, ಒಂದು ಸಮುದಾಯವಿದೆ. ಹಲವು ದೇಶಗಳಿಂದ ಬಂದು, ಹಲವು ಭಾಷೆಗಳನ್ನಾಡುತ್ತ, ಒಬ್ಬನೇ ಪೀಠಾಧಿಪತಿಗಾಗಲಿ ಒಂದೇ ಸಭೆಗಾಗಲಿ ಒಳಪಡದ ಲಕ್ಷಾಂತರ ಜನರನ್ನು ಏಕವಚನದಲ್ಲಿ ಕರೆದು, ಆ ಏಕವಚನಕ್ಕೆ 'ಪ್ರತಿಕ್ರಿಯೆ'ಯ ಹೊಣೆಯನ್ನು ಹೊರಿಸಲಾಯಿತು. ೧೦೨ನೆಯ ಪ್ರಕರಣ ಹತ್ತು ವರ್ಷಗಳ ಹಿಂದೆ ಸಾರಿದ್ದ ತತ್ತ್ವಕ್ಕೂ ಈ ಶಿರೋನಾಮೆಗೂ ಇರುವ ಅಂತರ ಗಮನಿಸತಕ್ಕದ್ದು.

ಅಧ್ಯಕ್ಷರ ಪ್ರಾರಂಭ ಭಾಷಣದಲ್ಲಿ ಸೌಜನ್ಯಕ್ಕೆ ಕೊರತೆಯಿರಲಿಲ್ಲ. ಬಹುಸಂಖ್ಯಾತ ಮುಸ್ಲಿಮ್ ಅಮೆರಿಕನರು ಉತ್ತಮ ಪ್ರಜೆಗಳೆಂದೇ ಅವರು ಹೇಳಿದರು; ಆದರೆ ಕಣ್ಣುಮುಚ್ಚಿಕೊಳ್ಳಲಾಗದ ವಾಸ್ತವಾಂಶಗಳಿವೆ ಎಂದು ಮುಂದುವರಿಸಿದರು. ಈ ಬಗೆಯ ಚರ್ಚೆಗಳಲ್ಲಿ 'ಆದರೆ' ಎಂಬ ಅವ್ಯಯದ ಕೆಲಸವನ್ನು ವಿದ್ಯಾರ್ಥಿಗಳು ನೋಡಬೇಕು. ಅದರ ಹಿಂದಿನ ವಾಕ್ಯ ಎಲ್ಲರೂ ಒಪ್ಪುವ ಆಶ್ವಾಸನೆ. ಅದರಿಂದ ಯಾವ ಕಾರ್ಯವೂ ಹುಟ್ಟುವುದಿಲ್ಲ. ವಿಚಾರಣೆಯಾಗಲಿ ಶೋಧನೆಯಾಗಲಿ ಹುಟ್ಟುವುದು ಅದರ ಮುಂದಿನ ವಾಕ್ಯದಿಂದ.

ಅಂಕಿಗಳ ಬಳಕೆಯೂ ಇಂತೆಯೇ. ತರುಣ ಮುಸ್ಲಿಮರಲ್ಲಿ ಶೇಕಡಾ ೧೫ರಷ್ಟು ಜನ ಆತ್ಮಹತ್ಯಾ ಬಾಂಬುದಾಳಿಯನ್ನು ಬೆಂಬಲಿಸಬಹುದೆಂದು ಪ್ಯೂ ಸಂಸ್ಥೆಯ ೨೦೦೭ರ ಸಮೀಕ್ಷೆಯ ಆಧಾರದಿಂದ ಹೇಳಲಾಯಿತು. ಸಮೀಕ್ಷೆ ಕೇಳಿದ್ದ ಪ್ರಶ್ನೆ ಬೇರೆ: ಮತರಕ್ಷಣೆಗಾಗಿ ಇಂಥ ಹಿಂಸೆ ಯಾವಾಗಲಾದರೂ ಸಮರ್ಥನೀಯವೇ? ೩೦ ವರ್ಷದೊಳಗಿನವರಲ್ಲಿ 'ಅನೇಕ ವೇಳೆ' ಎಂದವರನ್ನೂ 'ಕೆಲವು ವೇಳೆ' ಎಂದವರನ್ನೂ ಕೂಡಿಸಿದಾಗ ಬಂದದ್ದು ೧೫. ಉತ್ತರವಿತ್ತವರೆಲ್ಲರನ್ನೂ ಸೇರಿಸಿದರೆ 'ಎಂದಿಗೂ ಅಲ್ಲ' ಎಂದವರು ಶೇಕಡಾ ೭೮. ೧೫ ಎಂಬುದು ಅಲಕ್ಷಿಸತಕ್ಕ ಸಂಖ್ಯೆಯೆಂದು ನಾವು ಹೇಳುವುದಿಲ್ಲ. ಆದರೆ ಒಂದು ಅಭಿಪ್ರಾಯದ ಪ್ರಶ್ನೆಗೆ ಬಂದ ಉತ್ತರವನ್ನು ಕೃತ್ಯದ ಸಿದ್ಧತೆಗೆ ಅಳತೆಗೋಲನ್ನಾಗಿ ಮಾಡುವುದು ಸಂಖ್ಯಾಶಾಸ್ತ್ರದ ರೀತಿಯಲ್ಲ.

ಸಾಕ್ಷಿಗಳ ಮಾತು ಹೃದಯಸ್ಪರ್ಶಿಯಾಗಿತ್ತು. ಟೆನೆಸಿಯ ತಂದೆಯೊಬ್ಬರು ಕಾಲೇಜಿಗೆ ಕಳುಹಿಸಿದ ತಮ್ಮ ಮಗ ಉಗ್ರರ ಕೈಗೆ ಸಿಕ್ಕಿ, ೨೦೦೯ರಲ್ಲಿ ಲಿಟ್ಲ್ ರಾಕ್ ಪಟ್ಟಣದ ಸೇನಾಭರ್ತಿ ಕಚೇರಿಯೆದುರು ಯೋಧನೊಬ್ಬನನ್ನು ಕೊಂದ ವೃತ್ತಾಂತವನ್ನು ಹೇಳಿದರು. ಮಿನಿಯಾಪೊಲಿಸ್ ನಗರದ ಸೊಮಾಲಿ ಸಂಸಾರಸ್ಥರೊಬ್ಬರು ತಮ್ಮ ಸೋದರಳಿಯ ಸೊಮಾಲಿಯಕ್ಕೆ ಓಡಿಹೋಗಿ ಅಲ್ಲಿ ಸತ್ತುದನ್ನೂ, ಮಸೀದಿಯ ಮುಖಂಡರು ತಮಗೆ ಬಾಯಿಮುಚ್ಚಿಕೊಂಡಿರಲು ಹೇಳಿದರೆಂಬುದನ್ನೂ ತಿಳಿಸಿದರು. ಈ ದುಃಖಗಳು ಸತ್ಯವಾದವು. ಇವರ ದೂರನ್ನು ಕೇಳುವುದು ಸಭೆಯ ಕರ್ತವ್ಯ. ಆದರೆ ಎರಡು ಮನೆಗಳ ಅನುಭವದಿಂದ ಸಮುದಾಯವೆಲ್ಲದರಲ್ಲಿನ 'ವ್ಯಾಪ್ತಿ'ಯನ್ನು ನಿರ್ಣಯಿಸುವುದು ಹೇಗೆ? ಮುಸ್ಲಿಮರು ಪೊಲೀಸರೊಡನೆ ಸಹಕರಿಸುತ್ತಿಲ್ಲವೆಂಬ ಆಪಾದನೆಯನ್ನು ಕುರಿತು ಅಂದು ಸಾಕ್ಷ್ಯ ಕೊಟ್ಟ ಪೊಲೀಸ್ ಅಧಿಕಾರಿ ಒಬ್ಬರೇ, ಲಾಸ್ ಏಂಜಲೀಸ್ ಪ್ರಾಂತದ ಷೆರಿಫ್ ಲೀ ಬಾಕಾ. ಅವರನ್ನು ಕರೆಸಿದವರು ವಿರೋಧಪಕ್ಷದವರು. ತಮ್ಮ ಅನುಭವದಲ್ಲಿ ಸಹಕಾರ ದೊರೆತಿದೆಯೆಂದೇ ಅವರು ನುಡಿದರು.

ಸಮಿತಿಯ ಡೆಮೊಕ್ರಾಟಿಕ್ ಪಕ್ಷದ ಹಿರಿಯ ಸದಸ್ಯ ಬೆನ್ನಿ ಥಾಮ್ಸನ್ ಅವರು ಹಿಂದಿನ ದಿನವಷ್ಟೇ ವಾಷಿಂಗ್ಟನ್ ಸಂಸ್ಥಾನದಲ್ಲಿ ಆದ ಬಂಧನವನ್ನು ನೆನಪಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಸ್ಮರಣದಿನದ ಮೆರವಣಿಗೆಯ ಹಾದಿಯಲ್ಲಿ ಬಾಂಬಿಟ್ಟ ಆರೋಪಿ ಶ್ವೇತವರ್ಣೀಯರ ಶ್ರೇಷ್ಠತೆಯನ್ನು ಸಾರುವ ಪಂಗಡಕ್ಕೆ ಸೇರಿದವನೆಂದು ಪತ್ರಿಕೆಗಳು ವರದಿಮಾಡಿದ್ದವು. ಅಂಥ ಪಂಗಡಗಳ ಮೇಲೂ ವಿಚಾರಣೆ ನಡೆಯಲೆಂದು ಅವರು ಕೇಳಿಕೊಂಡರು. ಇಲ್ಲಿಯೂ ವ್ಯಾಕರಣದ ವ್ಯತ್ಯಾಸ ಕಾಣುತ್ತದೆ: ಆ ಆರೋಪಿಯ ಕೃತ್ಯಕ್ಕೆ ಅಮೆರಿಕದ ಶ್ವೇತವರ್ಣೀಯರ 'ಪ್ರತಿಕ್ರಿಯೆ' ಏನೆಂದು ಯಾರೂ ಕೇಳಲಿಲ್ಲ, ಕೇಳಬೇಕಾದುದೂ ಇಲ್ಲ. ವಯೋವೃದ್ಧ ಸದಸ್ಯ ಜಾನ್ ಡಿಂಗೆಲ್ ಅವರು, ತಾವು ತನಿಖಾ ಸಮಿತಿಯ ಅಧ್ಯಕ್ಷರಾಗಿದ್ದಾಗ ಜೋಸೆಫ್ ಮೆಕಾರ್ಥಿಯ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದುದನ್ನು ತಿಳಿಸಿದರು. ತಾವು ಏನಾಗಬಾರದೆಂಬುದನ್ನು ಮರೆಯದಿರಲು.

ಬಳಿಕ ಸಾಕ್ಷಿಯ ಸ್ಥಾನದಲ್ಲಿ ಕುಳಿತ ಎಲಿಸನ್ ಅವರು, ಕೆಲವರ ಕೃತ್ಯವನ್ನು ಸಮುದಾಯಕ್ಕೆ ಹೊರಿಸುವುದು ನ್ಯಾಯವೂ ಅಲ್ಲ, ರಕ್ಷಣೆಗೆ ಉಪಯುಕ್ತವೂ ಅಲ್ಲ ಎಂದು ವಾದಿಸಿ, ಕೊನೆಗೆ ಸಲ್ಮಾನ್ ಹಮ್ದಾನಿಯ ಕಥೆಯನ್ನು ಹೇಳಿದರು. ಅವನು ಪೊಲೀಸ್ ಇಲಾಖೆಯ ಕೆಡೆಟ್ ಆಗಿ, ತುರ್ತು ಚಿಕಿತ್ಸೆಯಲ್ಲಿ ತರಬೇತಿ ಪಡೆದವನು. ಕಾಣೆಯಾಗಿದ್ದ ತಿಂಗಳುಗಳಲ್ಲಿ, ಮುಸ್ಲಿಮನೆಂಬ ಕಾರಣದಿಂದಲೇ, ಅವನು ಆಕ್ರಮಣಕಾರರ ಜೊತೆಗಾರನಿರಬಹುದೆಂಬ ವದಂತಿ ಹಬ್ಬಿತ್ತು. ೨೦೦೨ರ ಮಾರ್ಚಿನಲ್ಲಿ ಭಗ್ನಾವಶೇಷಗಳ ನಡುವೆ ದೊರೆತ ದೇಹದ ಅವಶೇಷ ಅವನದೆಂದು ಖಚಿತವಾಯಿತು. ಅವನನ್ನು ಒಂದು ಮತದ ಸದಸ್ಯನೆಂದಲ್ಲದೆ, ಸಹಪ್ರಜೆಗಳಿಗಾಗಿ ಪ್ರಾಣಕೊಟ್ಟ ಅಮೆರಿಕನನೆಂದು ಗುರುತಿಸಬೇಕೆಂದು ಹೇಳುವಾಗ ಎಲಿಸನ್ ಅವರ ಗಂಟಲು ಕಟ್ಟಿ ಕಣ್ಣೀರು ಹರಿಯಿತು. ಕಾಂಗ್ರೆಸ್ಸು ೨೦೦೧ರಲ್ಲಿಯೇ ತನ್ನ ಶಾಸನದಲ್ಲಿ ಬರೆದಿದ್ದ ಹೆಸರನ್ನು ೨೦೧೧ರಲ್ಲಿ ಅದೇ ಕಾಂಗ್ರೆಸ್ಸಿಗೆ ಮತ್ತೆ ನೆನಪುಮಾಡಿಕೊಡಬೇಕಾಯಿತು.

೫

ಸಮುದಾಯವನ್ನು ಕರ್ತೃವನ್ನಾಗಿ ಮಾಡಿದ ಮಾತು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿಯೇ ನಿದರ್ಶನವುಂಟು. ಪರ್ಲ್ ಹಾರ್ಬರಿನ ಮೇಲೆ ಜಪಾನು ಎರಗಿದ ತರುವಾಯ, ೧೯೪೨ರ ಫೆಬ್ರವರಿ ೨೧ರಂದು, ಜಾನ್ ಟೋಲನ್ ಅಧ್ಯಕ್ಷತೆಯ ಪ್ರತಿನಿಧಿ ಸಭೆಯ ಸಮಿತಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಚಾರಣೆಗೆ ತೊಡಗಿತು. ಪಶ್ಚಿಮ ತೀರದ ಜಪಾನೀ ಮೂಲದವರನ್ನು ತೆರವುಗೊಳಿಸಬೇಕೆ ಎಂಬುದು ಪ್ರಶ್ನೆ. ಆಗ ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ ಆಗಿದ್ದ ಅರ್ಲ್ ವಾರನ್ ಅವರು, ಈವರೆಗೆ ಯಾವ ವಿಧ್ವಂಸಕ ಕೃತ್ಯವೂ ನಡೆಯದಿರುವುದೇ ಅತ್ಯಂತ ಅಪಶಕುನದ ಸಂಗತಿಯೆಂದು ಸಾಕ್ಷ್ಯ ನುಡಿದರು. ಕೃತ್ಯ ನಡೆದರೆ ಅದು ದ್ರೋಹಕ್ಕೆ ಸಾಕ್ಷಿ. ನಡೆಯದಿದ್ದರೆ ಗುಪ್ತ ದ್ರೋಹಕ್ಕೆ ಸಾಕ್ಷಿ! ಇಂಥ ತರ್ಕದಿಂದ ಪಾರಾಗಲು ಆರೋಪಿತ ಸಮುದಾಯಕ್ಕೆ ದಾರಿಯೇ ಇಲ್ಲ. ಸುಮಾರು ೧,೨೦,೦೦೦ ಜನ ಶಿಬಿರಗಳಿಗೆ ಸಾಗಿಸಲ್ಪಟ್ಟರು. ಅವರಲ್ಲಿ ಮೂರನೆಯ ಎರಡು ಪಾಲು ಅಮೆರಿಕದ ಪ್ರಜೆಗಳೇ.

೧೯೮೮ರಲ್ಲಿ ಕಾಂಗ್ರೆಸ್ಸು ಈ ಅನ್ಯಾಯವನ್ನು ಶಾಸನದ ಮೂಲಕ ಒಪ್ಪಿಕೊಂಡು, ಜನಾಂಗದ್ವೇಷ, ಯುದ್ಧದ ಉನ್ಮಾದ, ರಾಜಕೀಯ ಮುಖಂಡತ್ವದ ವೈಫಲ್ಯ ಇವೇ ಅದಕ್ಕೆ ಕಾರಣವೆಂದು ಹೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ ೨೦,೦೦೦ ಡಾಲರು ಪರಿಹಾರ ವಿಧಿಸಿತು. ವಾರನ್ ಅವರೂ ತಮ್ಮ ಆತ್ಮಕಥೆಯಲ್ಲಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಹಸುಗೂಸಾಗಿ ಇಂಥ ಶಿಬಿರ ಸೇರಿದ್ದ ಪ್ರತಿನಿಧಿ ಮೈಕ್ ಹೊಂಡಾ ಅವರು ೨೦೧೧ರ ವಿಚಾರಣೆಯನ್ನು ವಿರೋಧಿಸಿದ್ದು ಸಹಜವಾಗಿದೆ. ಎರಡು ಸಂದರ್ಭಗಳೂ ಒಂದೇ ಎಂದು ಹೇಳುವುದು ಅತಿಶಯೋಕ್ತಿ. ೨೦೧೧ರಲ್ಲಿ ಯಾರನ್ನೂ ಶಿಬಿರಕ್ಕಟ್ಟಲಿಲ್ಲ. ಎರಡಕ್ಕೂ ಸಮಾನವಾದುದು ವಾಕ್ಯದ ರಚನೆ.

೬

ವೈಯಕ್ತಿಕ ಹೊಣೆಯ ಭಾಷೆ ಯಾವುದೊಂದು ಪಕ್ಷದ ಸೊತ್ತೂ ಆಗಿರಲಿಲ್ಲ. ೨೦೧೧ರ ಮಾರ್ಚ್ ೨೯ರಂದು ಡೆಮೊಕ್ರಾಟ್ ಸೆನೆಟರ್ ರಿಚರ್ಡ್ ಡರ್ಬಿನ್ ಅವರು ಅಮೆರಿಕನ್ ಮುಸ್ಲಿಮರ ನಾಗರಿಕ ಹಕ್ಕುಗಳ ರಕ್ಷಣೆಯನ್ನೇ ವಿಷಯವಾಗಿಟ್ಟುಕೊಂಡು ಬೇರೊಂದು ವಿಚಾರಣೆ ನಡೆಸಿದರು. ೨೦೧೨ರ ಜೂನ್ ತಿಂಗಳಲ್ಲಿ ಮಿಶೆಲ್ ಬಾಕ್ಮನ್ ಮೊದಲಾದ ಐವರು ಪ್ರತಿನಿಧಿಗಳು ಬರೆದ ಪತ್ರಗಳಲ್ಲಿ ವಿದೇಶಾಂಗ ಇಲಾಖೆಯ ಅಧಿಕಾರಿ ಹೂಮಾ ಆಬಿದಿನ್ ಅವರ ಮೇಲೆ ಬಂಧುಗಳ ಸಂಬಂಧದ ಆಧಾರದಿಂದ ಶಂಕೆ ಹೊರಿಸಿದಾಗ, ಅವರ ಪಕ್ಷದವರೇ ಆದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಅವರು ಜುಲೈ ೧೮ರಂದು ಸೆನೆಟ್ಟಿನಲ್ಲಿ ಎದ್ದುನಿಂತು, ಆ ಆಪಾದನೆಗೆ ಯಾವ ಆಧಾರವೂ ಇಲ್ಲವೆಂದು ಖಂಡಿಸಿದರು. ಒಬ್ಬ ವ್ಯಕ್ತಿಯನ್ನು ಅವಳ ಸೇವೆಯಿಂದ ಅಳೆಯಬೇಕೆಂಬುದೇ ಆ ಭಾಷಣದ ಸಾರ.

ಅನಂತರದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ೨೦೧೭ರ ಜನವರಿ ೨೭ರಂದು, ಮುಸ್ಲಿಮರು ಬಹುಸಂಖ್ಯಾತರಾಗಿರುವ ೭ ದೇಶಗಳ ಪ್ರಜೆಗಳ ಪ್ರವೇಶವನ್ನು ತಡೆಯುವ ಅಧ್ಯಕ್ಷೀಯ ಆದೇಶ ಹೊರಟಿತು. ಮಾರ್ಪಟ್ಟ ರೂಪದಲ್ಲಿ ಅದನ್ನು ೨೦೧೮ರ ಜೂನ್ ೨೬ರಂದು ಸರ್ವೋಚ್ಚ ನ್ಯಾಯಾಲಯ ೫–೪ರ ಬಹುಮತದಿಂದ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಜಪಾನೀ ಮೂಲದವರ ವಿರುದ್ಧ ೧೯೪೪ರಲ್ಲಿ ಕೊಟ್ಟಿದ್ದ ತೀರ್ಪು ತಪ್ಪೆಂದೂ ಸಾರಿತು. ಆದೇಶ ೨೦೨೧ರ ಜನವರಿ ೨೦ರಂದು ರದ್ದಾಯಿತು. ಇಂಥ ಅಧಿಕಾರವನ್ನು ಮಿತಗೊಳಿಸುವ ಮಸೂದೆಯನ್ನು ಅದೇ ಏಪ್ರಿಲ್ ೨೧ರಂದು ಪ್ರತಿನಿಧಿ ಸಭೆ ೨೧೮–೨೦೮ ಮತಗಳಿಂದ ಅಂಗೀಕರಿಸಿದರೂ ಅದು ಶಾಸನವಾಗಲಿಲ್ಲ.

೭

ಈ ಪರಿಶೀಲನೆಯಿಂದ ಶಾಸನಸಭೆಯ ನಡವಳಿಕೆಗಳನ್ನು, ಅವು ಯಾವ ದೇಶದವೇ ಆಗಿರಲಿ, ಓದುವವರಿಗೆ ಕೆಲವು ಸೂಚನೆಗಳು ದೊರೆಯುತ್ತವೆ. ಶಾಸಕನ ಮನಸ್ಸಿನಲ್ಲಿ ದ್ವೇಷವಿತ್ತೆ ಎಂದು ಹುಡುಕುವುದಕ್ಕಿಂತ ಅವನ ವಾಕ್ಯದ ಕರ್ತೃಪದವನ್ನು ಹುಡುಕುವುದು ಲೇಸು. ಉದ್ಧರಿಸಿದ ಅಂಕಿ ಯಾವ ಪ್ರಶ್ನೆಗೆ ಬಂದ ಉತ್ತರವೆಂದು ಕೇಳಬೇಕು. ಯಾವ ಸಾಕ್ಷ್ಯ ದೊರೆತರೆ ಈ ಆಪಾದನೆ ಬಿದ್ದುಹೋಗುತ್ತದೆ ಎಂದು ವಿಚಾರಿಸಬೇಕು. ಯಾವುದರಿಂದಲೂ ಬೀಳದೆನ್ನುವ ಆಪಾದನೆ ೧೯೪೨ರ ಜಾತಿಗೆ ಸೇರಿದುದು.

ಮೇಲಾಗಿ, 'ನೆರವು ಕೇಳುವುದು' ಮತ್ತು 'ಜವಾಬು ಕೇಳುವುದು' ಇವೆರಡರ ಭೇದವನ್ನು ಮರೆಯಲಾಗದು. ಮಗನನ್ನು ಕಳೆದುಕೊಂಡ ತಂದೆಗೆ, ಬೀದಿಯನ್ನು ಕಾಯುವ ಪೊಲೀಸಿನವನಿಗೆ ನೆರೆಹೊರೆಯವರ ನೆರವು ಬೇಕು. ನೆರವು ಕೇಳುವವನು ಎದುರಿಗಿರುವವರನ್ನು ತನ್ನವರೆಂದು ಭಾವಿಸಿ ಕೇಳುತ್ತಾನೆ. ಜವಾಬು ಕೇಳುವವನು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಾನೆ. ಅಲ್ಲಿ ನಿಂತವನಿಂದ ನೆರವು ದೊರೆಯುವುದು ದುರ್ಲಭ. ಲಾಸ್ ಏಂಜಲೀಸಿನ ಷೆರಿಫ್ ನುಡಿದ ಸಾಕ್ಷ್ಯ ಇದನ್ನೇ ಸೂಚಿಸುತ್ತದೆ. ರಾಷ್ಟ್ರರಕ್ಷಣೆಗೂ ನ್ಯಾಯಕ್ಕೂ ಇಲ್ಲಿ ವಿರೋಧವಿಲ್ಲ.

ಹಮ್ದಾನಿಯ ಹೆಸರು ಅಮೆರಿಕದ ಶಾಸನಗ್ರಂಥದಲ್ಲಿ 'ಕಾಣೆಯಾಗಿದ್ದಾನೆ' ಎಂಬ ಮಾತಿನೊಡನೆ ಅಚ್ಚಾಗಿದೆ. ಹತ್ತು ವರ್ಷಗಳ ಅನಂತರದ ಸಮಿತಿಯ ನಡವಳಿಕೆಯಲ್ಲಿ ಅವನು ದೊರೆತ ಬಗೆ ಅಚ್ಚಾಗಿದೆ. ಈ ಎರಡು ಪುಟಗಳನ್ನೂ ಒಟ್ಟಿಗಿಟ್ಟು ಓದುವಂತೆ ನಮ್ಮ ವಿದ್ಯಾರ್ಥಿಗಳಿಗೆ ನಾವು ಸಲಹೆ ಮಾಡುತ್ತೇವೆ.